ಜೀಪು ಯಾವಾಗ ಹೀಟ್ ಆಗುತ್ತೆ?

ಹಳೇ ಗಾಡಿ ಹೀಟ್ ಆಗುತ್ತಿದ್ದರೆ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ. ಯಾವಾಗ ಆಗುತ್ತೆ? ನಿಂತಾಗಲಾ, ಓಡುವಾಗಲಾ, ಏರು ಹತ್ತುವಾಗಲಾ? ಇದನ್ನು ಕೇಳದೆ ಸ್ಪ್ಯಾನರ್ ಹಿಡಿದರೆ ಒಂದೊಂದೇ ಸಾಮಾನು ಬದಲಾಗುತ್ತಾ ಹೋಗುತ್ತದೆ. ದುಡ್ಡೂ ಹೋಗುತ್ತದೆ. ಹೀಟ್ ಮೀಟರಿನ ಮುಳ್ಳು ಮಾತ್ರ ಮೇಲೇರುವುದು ಬಿಡುವುದಿಲ್ಲ.

ನಮ್ಮದು ಮಹೀಂದ್ರಾ ಎಂಎಂ 540. ಅಪ್ಪಾಜಿ ಕೊಂಡ ಗಾಡಿ, ಈಗ ಓಡಿಸುವವಳು ನಾನು. 2112 ಸಿಸಿಯ ಪ್ಯೂಜೊ ಡೀಸೆಲ್ ಎಂಜಿನ್. ಹೊಲ ಭರಮಸಾಗರದ ಹತ್ತಿರ. ಗೊಬ್ಬರ, ಬಿತ್ತನೆ ಬೀಜ ತರೋದು, ಮೆಕ್ಕೆಜೋಳದ ಚೀಲ ಹೇರಿಕೊಂಡು ದಾವಣಗೆರೆಗೆ ಹೋಗೋದು, ಎಲ್ಲ ಇದರಲ್ಲೇ. ಈ ಬೇಸಿಗೆಯಲ್ಲಿ ಹೈವೇಯಲ್ಲಿ 60ರ ಮೇಲೆ ಓಡಿಸಿದರೆ ಸಾಕು, ಆನಗೋಡು ಬರುವಷ್ಟರಲ್ಲಿ ಮುಳ್ಳು ಕೆಂಪಿನ ಹತ್ತಿರ. 40ಕ್ಕೆ ಇಳಿಸಿದರೆ ನಿಧಾನಕ್ಕೆ ಕೆಳಗೆ ಬರುತ್ತದೆ. ಅದೇ ದಾವಣಗೆರೆ ಪಿ.ಬಿ. ರಸ್ತೆಯಲ್ಲಿ ಮೇ ತಿಂಗಳ ಮಟಮಟ ಮಧ್ಯಾಹ್ನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೂ ಏನೂ ಆಗುವುದಿಲ್ಲ.

ಒಂದು ಗ್ಯಾರೇಜಿನಲ್ಲಿ ನೋಡಿದ ತಕ್ಷಣ ಹೇಳಿದರು. "ಅಕ್ಕಾರೆ, ವಾಟರ್ ಪಂಪ್ ಹೋಗೈತಿ, ಹೊಸದು ಹಾಕ್ಸಿಬಿಡ್ರಿ." ಇನ್ನೊಂದು ಕಡೆ ಥರ್ಮೋಸ್ಟಾಟ್ ಕಿತ್ತು ಬಿಸಾಕಿದರೆ ಎಲ್ಲ ಸರಿಹೋಗುತ್ತೆ ಅಂದರು. ಥರ್ಮೋಸ್ಟಾಟ್ ತೆಗೆಯುವ ಸಲಹೆ ನಮ್ಮ ಕಡೆ ತುಂಬಾ ಜಾಸ್ತಿ. ನಾನು ಇದನ್ನು ಒಪ್ಪುವುದಿಲ್ಲ. ಎಂಜಿನ್ ಒಂದು ಹದಕ್ಕೆ ಬಿಸಿಯಾದ ಮೇಲೆ ಬಾಯಿ ತೆರೆದು ನೀರನ್ನು ರೇಡಿಯೇಟರಿಗೆ, ಅಂದರೆ ಮುಂದುಗಡೆ ಗಾಳಿಗೆ ನೀರು ತಣ್ಣಗಾಗುವ ಜಾಲರಿಗೆ, ಬಿಡುವುದು ಅದರ ಕೆಲಸ. ಅದಿಲ್ಲದಿದ್ದರೆ ಚಳಿಗಾಲದ ಬೆಳಿಗ್ಗೆ ಡೀಸೆಲ್ ಎಂಜಿನ್ ಎಷ್ಟೋ ಹೊತ್ತು ತಣ್ಣಗೇ ಓಡುತ್ತದೆ. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಒಳಗಿನ ಸವೆತವೂ ಹೆಚ್ಚು. ಕೆಲವು ಎಂಜಿನ್‌ಗಳಲ್ಲಂತೂ ಅದನ್ನು ತೆಗೆದರೆ ಒಂದಿಷ್ಟು ನೀರು ರೇಡಿಯೇಟರಿಗೆ ಹೋಗದೆ ಬೈಪಾಸಿನಲ್ಲೇ, ಅಂದರೆ ಎಂಜಿನ್ನಿಗೇ ವಾಪಸ್ ಹೋಗುವ ಅಡ್ಡದಾರಿಯಲ್ಲೇ, ಸುತ್ತುತ್ತದೆ. ಹೀಟ್ ಕಡಿಮೆ ಆಗುವ ಬದಲು ಇನ್ನೂ ಏರುತ್ತದೆ. ಅದು ಸರಿ ಇದೆಯೋ ಇಲ್ಲವೋ ನೋಡಲು ಒಲೆ ಸಾಕಲ್ವಾ? ಪಾತ್ರೆಯಲ್ಲಿ ನೀರಿಟ್ಟು, ಅದನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು ಕಾಯಿಸಿದೆ. ಕುದಿ ಬರುವ ಮೊದಲೇ ಚೆನ್ನಾಗಿ ತೆರೆಯಿತು. ತಿರುಗಿ ಹಾಕಿದೆ.

ಇನ್ನು ಆ ಮೊದಲ ಪ್ರಶ್ನೆ. ನಮ್ಮ ಜೀಪಿನ ಫ್ಯಾನು ಬೆಲ್ಟಿನಿಂದ ತಿರುಗುವಂಥದ್ದು. ಗಾಡಿ ನಿಂತಾಗ ರೇಡಿಯೇಟರಿಗೆ ಗಾಳಿ ಎಳೆಯಲು ಆ ಫ್ಯಾನು ಬಿಟ್ಟರೆ ಬೇರೆ ದಿಕ್ಕಿಲ್ಲ. ಹಾಗಾಗಿ ಟ್ರಾಫಿಕ್ಕಿನಲ್ಲಿ ಹೀಟ್ ಆಗಿ ಹೈವೇಯಲ್ಲಿ ತಣ್ಣಗಾದರೆ ಫ್ಯಾನು, ಬೆಲ್ಟು, ಫ್ಯಾನಿನ ಸುತ್ತಲಿನ ಕವರು ನೋಡಬೇಕು. ನಮ್ಮದು ಉಲ್ಟಾ. ಓಟದಲ್ಲಿ ಗಾಳಿ ತಾನಾಗೇ ಬರುತ್ತದೆ. ಆದರೆ ಎಂಜಿನ್ ಜಾಸ್ತಿ ಡೀಸೆಲ್ ಸುಡುತ್ತದೆ. ಆ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನು ನೀರೇ ಹೊತ್ತು ಹೊರಗೆ ಹಾಕಬೇಕು. ಅಷ್ಟು ಶಾಖ ರೇಡಿಯೇಟರಿನಲ್ಲಿ ಇಳಿಯುತ್ತಿಲ್ಲ ಅಂದರೆ ಒಂದೋ ನೀರು ಸಾಕಷ್ಟು ಹರಿಯುತ್ತಿಲ್ಲ, ಇಲ್ಲಾ ಅದರ ತೆಳು ತಗಡಿನ ರೆಕ್ಕೆಗಳ ನಡುವೆ ಗಾಳಿ ನುಗ್ಗುತ್ತಿಲ್ಲ.

ಗಾಳಿಯ ಕಡೆಯಿಂದ ಶುರು ಮಾಡಿದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆ ಮೇಲೇ ಕಾಳು ಒಣಗಿಸುತ್ತಾರೆ. ಅದರ ಹೊಟ್ಟು, ಧೂಳು ಎಲ್ಲ ರೇಡಿಯೇಟರಿನ ರೆಕ್ಕೆಗಳಲ್ಲಿ ಕೂರುತ್ತದೆ. ಮುಂದಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಹಿಂದಿನಿಂದ, ಅಂದರೆ ಎಂಜಿನ್ ಕಡೆಯಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆದೆ. ಜೋರು ಪ್ರೆಶರ್ ಹಾಕಿದರೆ ರೆಕ್ಕೆ ಮಡಚಿಕೊಳ್ಳುತ್ತವೆ. ಒಂದು ಹಿಡಿ ಹೊಟ್ಟು ಬಂತು. ಹೀಟ್ ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ.

ರೇಡಿಯೇಟರಿನ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ಊರು ಸಮುದ್ರಮಟ್ಟಕ್ಕಿಂತ ಮೇಲಿರುವುದರಿಂದ ತೆರೆದ ಪಾತ್ರೆಯಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಚದರ ಇಂಚಿಗೆ 7 ಪೌಂಡ್ ಒತ್ತಡ ತಡೆಯುವ ಮುಚ್ಚಳ ಇದ್ದರೆ 110ರ ಆಸುಪಾಸಿನವರೆಗೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಒಡೆದಿದ್ದರೆ ಆ ಅನುಕೂಲ ಹೋಯಿತು. ನಮ್ಮದು ಒಡೆದಿತ್ತು, ಹೊಸದು ಹಾಕಿದೆ. ಕಾದ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಯಾವತ್ತೂ ತೆಗೆಯಬೇಡಿ. ಒತ್ತಡ ಇಳಿದ ಕ್ಷಣವೇ ಒಳಗಿನ ನೀರು ಉಕ್ಕಿ ಮುಖಕ್ಕೆ ಹಾರುತ್ತದೆ. ಕೆಂಪಾಗಿ ಕಾದ ಎಂಜಿನ್ನಿಗೆ ತಣ್ಣೀರು ಸುರಿಯಲೂಬಾರದು, ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿರುಕು ಬಿಡಬಹುದು.

ಹೆಡ್ಡಿಗೂ ಎಂಜಿನ್ ಬ್ಲಾಕಿಗೂ ನಡುವೆ ಕೂರುವ ಪದರ, ಹೆಡ್ ಗ್ಯಾಸ್ಕೆಟ್, ಅದು ಹೋಗಿದೆಯೇನೋ ಅಂತ ಭಯ ಇದ್ದೇ ಇತ್ತು. ಬೆಳಿಗ್ಗೆ ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ ನೋಡಿದೆ. ಗುಳ್ಳೆಗಳು ಬಿಡದೆ ಬರುತ್ತಿದ್ದರೆ ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗುತ್ತಿದೆ ಅಂತ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದಾಗ ಎಂಜಿನ್ ಇನ್ನೂ ಕಾಯುವ ಮೊದಲೇ ರೇಡಿಯೇಟರಿನ ಮೇಲಿನ ಪೈಪು ಗಟ್ಟಿಯಾದರೂ ಅದೇ ಅರ್ಥ. ಆಯಿಲ್ ಅಳೆಯುವ ಕಡ್ಡಿ, ಡಿಪ್ ಸ್ಟಿಕ್ಕಿನಲ್ಲಿ ಆಯಿಲ್ ಬೆಳ್ಳಗೆ, ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿರಬಾರದು. ಮೂರೂ ಇರಲಿಲ್ಲ. ದೊಡ್ಡ ಖರ್ಚು ತಪ್ಪಿತು ಅಂತ ನಿಜವಾಗಿ ಖುಷಿಯಾಯಿತು.

ಕೊನೆಗೆ ದಾರಿ ತೋರಿಸಿದ್ದು ತಮ್ಮ ಆನ್‌ಲೈನಲ್ಲಿ ತರಿಸಿದ್ದ, ಮುಟ್ಟದೆಯೇ ಶಾಖ ಅಳೆಯುವ ಟೆಂಪರೇಚರ್ ಗನ್. ಹೈವೇಯಲ್ಲಿ ಓಡಿಸಿ, ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡದೆ ಅಳೆದೆವು. ಥರ್ಮೋಸ್ಟಾಟಿನ ಹತ್ತಿರ ಸುಮಾರು 100 ತೋರಿಸಿತು. ಅಂದರೆ ಮೀಟರು ಸುಳ್ಳು ಹೇಳುತ್ತಿಲ್ಲ. ಹಳೇ ಗಾಡಿಯಲ್ಲಿ ಇದನ್ನು ಖಾತ್ರಿ ಮಾಡಿಕೊಳ್ಳಲೇಬೇಕು, ಸೆನ್ಸರ್ ಕೆಟ್ಟೋ ಅರ್ಥಿಂಗ್ ಸರಿಯಿಲ್ಲದೆಯೋ ಮುಳ್ಳು ಸುಮ್ನೆ ಏರಿರಬಹುದು. ಆಮೇಲೆ ರೇಡಿಯೇಟರಿನ ಮೇಲೆ ಸಾಲುಸಾಲಾಗಿ ಗನ್ ಹಿಡಿದೆವು. ಎಡಗಡೆ ಕಾದಿತ್ತು. ಬಲಗಡೆ ಅರ್ಧಕ್ಕಿಂತ ಹೆಚ್ಚು ಭಾಗ ಕೈಯಿಟ್ಟರೂ ಸುಡದಷ್ಟು ತಣ್ಣಗೆ. ಬಿಸಿನೀರು ಹರಿಯುವ ಕಡೆ ಬಿಸಿ ಇರಬೇಕಲ್ವಾ? ಅಲ್ಲಿನ ಟ್ಯೂಬುಗಳು ಕಟ್ಟಿಹೋಗಿದ್ದವು.

ಚಿತ್ರದುರ್ಗದಲ್ಲಿ ಹಳಬರೊಬ್ಬರು ರೇಡಿಯೇಟರ್ ಮೇಸ್ತ್ರಿ ಇದ್ದಾರೆ. ನಮ್ಮದು ತಾಮ್ರ ಹಿತ್ತಾಳೆಯ ರೇಡಿಯೇಟರ್. ಇಂಥದ್ದನ್ನು ಬಿಚ್ಚಿ ರಿಪೇರಿ ಮಾಡಬಹುದು, ಈಗಿನ ಪ್ಲಾಸ್ಟಿಕ್ ಟ್ಯಾಂಕಿನವು ಹೋದರೆ ಸಾಮಾನ್ಯವಾಗಿ ಬದಲಾಯಿಸುವುದೇ. ಮೇಸ್ತ್ರಿ ಗ್ಯಾಸ್ ಬೆಂಕಿ ಹಿಡಿದು ಬೆಸುಗೆ ಕರಗಿಸಿ ಮೇಲಿನ ಟ್ಯಾಂಕ್ ಬಿಚ್ಚಿದರು. ಟ್ಯೂಬುಗಳ ಬಾಯಿಗೆಲ್ಲ ಬಿಳೀ ಗಾರೆ ಮೆತ್ತಿದಂತಿತ್ತು. ಚಪ್ಪಟೆ ಕಡ್ಡಿಯನ್ನು ಒಂದೊಂದೇ ಟ್ಯೂಬಿನೊಳಗೆ ತೂರಿಸಿ ಎಳೆದರೆ ಪುಡಿಪುಡಿ ಸುಣ್ಣ ಉದುರುತ್ತಿತ್ತು. "ತೋಟದ ಬೋರಿನ ನೀರು ಹಾಕ್ತೀರೇನ್ರಿ?" ಅಂತ ಅವರೇ ಕೇಳಿದರು.

ಹೌದು, ಅಪ್ಪಾಜಿ ಕಾಲದಿಂದಲೂ ಅದೇ. ನಮ್ಮ ಬೋರಿನ ನೀರು ಕಾಸಿದ ಪಾತ್ರೆಯ ತಳದಲ್ಲೇ ಬಿಳೀ ಪದರ ಕೂರುತ್ತದೆ. ಅಂಥ ನೀರು ಕಾದಾಗ ಅದರಲ್ಲಿ ಕರಗಿದ ಕ್ಯಾಲ್ಸಿಯಂ ಹೊರಗೆ ಬಂದು ಗಟ್ಟಿಯಾಗುತ್ತದೆ. ರೇಡಿಯೇಟರ್ ಸೋರುತ್ತಿದ್ದು ಮತ್ತೆ ಮತ್ತೆ ಹೊಸ ನೀರು ತುಂಬುತ್ತಿದ್ದರೆ ಪ್ರತಿ ಸಲವೂ ಹೊಸ ಸುಣ್ಣ ಸೇರಿಸಿದ ಹಾಗೆ. ಹಾಗಾಗಿ ಸಣ್ಣ ಸೋರಿಕೆಯನ್ನು "ದಿನಾ ಒಂದು ಲೋಟ ಹಾಕಿದ್ರೆ ಆಯ್ತು" ಅಂತ ಬಿಡಬಾರದು.

ಈಗ ಡಿಸ್ಟಿಲ್ಡ್ ವಾಟರ್ ಮತ್ತು ಕೂಲಂಟ್ ಸಮಪಾಲು ಹಾಕಿದ್ದೇನೆ. ಶಾಖ ಹೊರುವುದರಲ್ಲಿ ಬರೀ ನೀರೇ ಕೂಲಂಟ್ ಬೆರಕೆಗಿಂತ ಮೇಲು. ಆದರೂ ಕೂಲಂಟ್ ಬೇಕು. ತುಕ್ಕು ತಡೆಯುತ್ತದೆ, ಕುದಿಯುವ ಬಿಂದುವನ್ನೂ ಏರಿಸುತ್ತದೆ. ಅದು ಸಿಹಿಯಾಗಿರುತ್ತದೆ, ಆದರೆ ವಿಷ. ಹಳೆಯದನ್ನು ಅಂಗಳದಲ್ಲಿ ಚೆಲ್ಲಿದರೆ ನಾಯಿ, ದನ ನೆಕ್ಕಿ ಸಾಯಬಹುದು.

ಮೊನ್ನೆ ಗೊಬ್ಬರ ಹೇರಿಕೊಂಡು ದಾವಣಗೆರೆಯಿಂದ ಬರುವಾಗ ಹೈವೇಯಲ್ಲಿ 65ರಲ್ಲೇ ಓಡಿಸಿದೆ. ಗನ್ನಿನಲ್ಲಿ 86 ತೋರಿಸಿತು. ಎಂಜಿನ್ ಬ್ಲಾಕಿನೊಳಗೂ ಇದೇ ಸುಣ್ಣ ಕೂತಿರುತ್ತದೆ ಅಂತ ಮೇಸ್ತ್ರಿ ಹೇಳಿದ್ದಾರೆ. ಬ್ಲಾಕಿನ ಡ್ರೈನ್ ಪ್ಲಗ್ ತುಕ್ಕು ಹಿಡಿದು ಅಲುಗಾಡುತ್ತಿಲ್ಲ. ಸದ್ಯ ಅದಕ್ಕೆ ದಿನಾ ಸಂಜೆ ತುಕ್ಕು ಬಿಡಿಸುವ ಎಣ್ಣೆ ಬಿಡುತ್ತಿದ್ದೇನೆ. ಬಿಚ್ಚಿ ಬಂದರೆ ಬಿತ್ತನೆಗೆ ಮೊದಲೇ ಅದನ್ನೂ ತೊಳೆಸಬೇಕು.