ಸ್ನಾನದ ಸರದಿ

ನಿದ್ದೆ ಬರದೆ ಸುಮ್ನೆ ಹಳೇ ಫೋಟೋ ನೋಡುತ್ತಾ ಕೂತಿದ್ದೆ. ಎಸ್ತರ್ ಬಬ್ಲಿ ಅನ್ನೋ ಅಮೆರಿಕದ ಫೋಟೋಗ್ರಾಫರ್ ಸಿಕ್ಕರು. ಇಷ್ಟು ದಿನ ಹೆಸರೇ ಕೇಳಿರಲಿಲ್ಲ.

1943ರ ಜನವರಿ, ವಾಷಿಂಗ್ಟನ್. ಯುದ್ಧಕಾಲದ ಆಫೀಸು ಕೆಲಸಕ್ಕೆ ಊರೂರಿಂದ ಬಂದ ಹುಡುಗಿಯರು ಬಾಡಿಗೆ ಕೋಣೆಗಳಲ್ಲಿ ತುಂಬಿಕೊಂಡಿದ್ದರು. ಎಸ್ತರ್‌ಗೆ ಆಗ 21. ಸರ್ಕಾರದ ಯುದ್ಧ ಮಾಹಿತಿ ಕಚೇರಿಯ ಡಾರ್ಕ್‌ರೂಮಿನಲ್ಲಿ ಕೆಲಸ. ಇವರ ಕ್ಯಾಮೆರಾ ಹೋಗಿದ್ದು ಟ್ಯಾಂಕು, ಬಾವುಟದ ಕಡೆಗಲ್ಲ, ಈ ಕೋಣೆಗಳ ಒಳಗೆ. ಸ್ನಾನಕ್ಕೆ ಸರದಿ ಕಾಯುವವರು. ರೇಡಿಯೋ ಹತ್ತಿರ ಒಬ್ಬಳೇ ಹುಡುಗಿ. ಆ ಫೋಟೋದ ಕೆಳಗೆ, ಇವಳಿಗೆ ರೇಡಿಯೋನೇ ಜೊತೆ ಅನ್ನೋ ಅರ್ಥದ ಒಂದು ಸಾಲು. ಅಷ್ಟೇ.

ಯುದ್ಧ ಅಂದ್ರೆ ಇದೂ ಹೌದಲ್ವಾ?

ನನಗಂತೂ ಪೀಜಿ ದಿನಗಳು ನೆನಪಾದವು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಬಕೆಟ್, "ಇನ್ನೂ ಎಷ್ಟ್ ಹೊತ್ತೇ?" ಅಂತ ಬಾಗಿಲು ಬಡಿತ. ಅದರದ್ದು ಒಂದೂ ಫೋಟೋ ಇಲ್ಲ ನಮ್ಮ ಹತ್ರ. ಬರ್ತ್‌ಡೇ ಕೇಕಿನವು ಮಾತ್ರ ರಾಶಿ ಇವೆ.