ಮಲ್ಪೆಯ ಮರಳಲ್ಲಿ ಒಂದು ಕಿಲೋಮೀಟರ್

ಅಕ್ಕನ ಮಗನಿಗೆ ಹದಿನಾಲ್ಕು ವರ್ಷ. ಸ್ಕಾಟ್ಲೆಂಡಿನ ಟ್ರ್ಯಾಕ್ ಸೈಕ್ಲಿಸ್ಟ್ ಕ್ರಿಸ್ ಹೋಯ್ ಅಂದ್ರೆ ಅವನಿಗೆ ಪ್ರಾಣ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಹೋಯ್ ಚಿನ್ನ ಗೆದ್ದ ಒಂದು ಕಿಲೋಮೀಟರ್ ರೇಸನ್ನು ಮೊಬೈಲಿನಲ್ಲಿ ಎಷ್ಟು ಸಲ ನೋಡಿದ್ದಾನೋ! "ಮಾಮ, ಆ ಸೈಕಲ್ಲಿಗೆ ಬ್ರೇಕೇ ಇಲ್ಲ, ಗೊತ್ತುಂಟಾ?" ಎಂದು ಶುರುವಾದ ಮಾತು, ನನ್ನ ಹಳೇ ಸೈಕಲ್ಲನ್ನು ಉಡುಪಿಯ ರಿಪೇರಿ ಅಂಗಡಿಗೆ ಒಯ್ಯುವವರೆಗೂ ಬಂತು.

ತುಳಿಯದಿದ್ದರೂ ಚಕ್ರ ತಿರುಗಲು ಬಿಡುವ ಭಾಗ ಫ್ರೀವೀಲ್. ಅಂಗಡಿಯವರು ಅದಕ್ಕೆ ವೆಲ್ಡಿಂಗ್ ಹೊಡೆದು ಕೊಟ್ಟರು. "ಪೆಡಲ್ ಹಿಂದಕ್ಕೆ ಜೋರಾಗಿ ಒತ್ತಬೇಡಿ ಮಾರಾಯ್ರೆ, ಬಿಚ್ಚಿ ಹೋಗ್ತದೆ. ಮುಂದಿನ ಬ್ರೇಕ್ ಇರ್ಲಿ" ಎಂದರು.

ಭಾನುವಾರ ಬೆಳಿಗ್ಗೆ ಆರೂವರೆಗೆ ಮಲ್ಪೆ ತಲುಪಿದೆವು. ನೀರು ಇಳಿದಿತ್ತು. ಅಂಚಿನ ಒದ್ದೆ ಮರಳು ಸಿಮೆಂಟಿನಷ್ಟು ಗಟ್ಟಿ. ಮೊದಲು ನಾನೇ ಹತ್ತಿದೆ. ಸ್ವಲ್ಪ ದೂರ ಹೋಗಿ ಅಭ್ಯಾಸದಂತೆ ತುಳಿಯುವುದು ನಿಲ್ಲಿಸಿದೆ. ಪೆಡಲ್ ನಿಲ್ಲಲಿಲ್ಲ. ಕೆಳಗಿದ್ದ ಬಲಗಾಲನ್ನು ಎತ್ತಿ, ಮೊಣಕಾಲನ್ನು ಎದೆಯ ಕಡೆಗೆ ನೂಕಿತು. ಚಕ್ರ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು. ಸುಮ್ನೆ ಕೂತು ಉರುಳಿಕೊಂಡು ಹೋಗುವ ಸುಖ ಇದರಲ್ಲಿ ಇಲ್ಲ. ಇಂಥ ಸೈಕಲ್ಲಿನಲ್ಲೇ ಹೋಯ್ 250 ಮೀಟರಿನ ಮರದ ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಮುಗಿಸಿದ್ದು, 1 ನಿಮಿಷ 0.711 ಸೆಕೆಂಡಿನಲ್ಲಿ. ಅವತ್ತು ಎಲ್ಲರಿಗಿಂತ ಕೊನೆಗೆ ಇಳಿದವರು ಅವರು. ಅಷ್ಟರಲ್ಲಿ ಫ್ರಾನ್ಸಿನ ತೂರ್ನಾನ್ 61 ಸೆಕೆಂಡಿನ ಒಳಗೆ ಮುಗಿಸಿ ಆಗಿತ್ತು!

ಹುಡುಗನ ಒಂದು ಕಿಲೋಮೀಟರಿಗೆ 2 ನಿಮಿಷ 41 ಸೆಕೆಂಡ್ ಹಿಡಿಯಿತು. ಎದುರುಗಾಳಿ ಬೇರೆ. ಮರಳಲ್ಲೇ ಅಂಗಾತ ಬಿದ್ದು, "ಇಷ್ಟರಲ್ಲಿ ಹೋಯ್ ಎರಡೂವರೆ ಸಲ ಮುಗಿಸ್ತಿದ್ರು" ಅಂದ.

ನನಗೆ ಅವರ ಟೈಮಿಗಿಂತ ಜಾಸ್ತಿ ಕಾಡುವುದು ಆಮೇಲಿನ ಕಥೆ. ಅಥೆನ್ಸ್ ಆದ ಮೇಲೆ ಆ ಸ್ಪರ್ಧೆಯನ್ನೇ ಒಲಿಂಪಿಕ್ಸ್‌ನಿಂದ ತೆಗೆದುಬಿಟ್ಟರು. ವರ್ಷಗಟ್ಟಲೆ ದುಡಿದು ಗೆದ್ದದ್ದು ಇನ್ನಿಲ್ಲ ಅಂದ್ರೆ ಹೇಗಾಗಬೇಡ? ಅವರು ಸ್ಪ್ರಿಂಟ್, ಕೀರಿನ್ ಎಂಬ ಬೇರೆ ಟ್ರ್ಯಾಕ್ ರೇಸುಗಳ ಕಡೆ ತಿರುಗಿದರು. ಒಬ್ಬರೇ ಗಡಿಯಾರದ ಜೊತೆ ಓಡಿಸುತ್ತಿದ್ದವರು ಪಕ್ಕದವರ ಚಲನೆ ನೋಡಿ ಓಡಿಸುವುದನ್ನು ಕಲಿಯಬೇಕಾಯಿತು. 2008ರ ಬೀಜಿಂಗ್‌ನಲ್ಲಿ ಮೂರು ಚಿನ್ನ, 2012ರ ಲಂಡನ್‌ನಲ್ಲಿ ಎರಡು. ಒಟ್ಟು ಆರು.

"ಈಗ ಅವರಿಗೆ ಕ್ಯಾನ್ಸರ್ ಅಲ್ವಾ ಮಾಮ?" ಹೌದು. ವಾಸಿಯಾಗುವಂಥದ್ದಲ್ಲ ಎಂದು 2024ರಲ್ಲಿ ಅವರೇ ಹೇಳಿಕೊಂಡಿದ್ದರು. ಹುಡುಗ ಸ್ವಲ್ಪ ಹೊತ್ತು ಸಮುದ್ರ ನೋಡಿದ. ಆಮೇಲೆ ಎದ್ದು ಇನ್ನೊಂದು ಸಲ ಹತ್ತಿದ.

ಮನೆಗೆ ಬಂದು ಬಾವಿನೀರಿನಲ್ಲಿ ಚೈನು ತೊಳೆದೆವು. ಉಪ್ಪು ಕೂತರೆ ಎರಡೇ ದಿನಕ್ಕೆ ತುಕ್ಕು. ಎಣ್ಣೆ ಬಿಡುತ್ತಲೇ ಅವನು ಲೆಕ್ಕ ಹಾಕಿದ: "ಮುಂದಿನ ಭಾನುವಾರ ಬೆಳಿಗ್ಗೆ ಭರತ ಇರ್ತದೆ, ಮಾಮ. ನೀರು ಇಳಿಯುವುದು ಮಧ್ಯಾಹ್ನ. ಬಿಸಿಲಾದ್ರೂ ಹೋಗುವ, ಅಲ್ವಾ?"