ಕೇಟ್ ಎಂಬವಳ ಕೇಸು

ನವೆಂಬರ್ 9, 2025, ಭಾನುವಾರ

ಮಧ್ಯಾಹ್ನದಿಂದ ಕೇಟ್ ತಲೆಯಿಂದ ಹೋಗುತ್ತಿಲ್ಲ. ಅಮೆರಿಕದ ಲೂಸಿಯಾನ ಸುಪ್ರೀಂ ಕೋರ್ಟಿನ 1835ರ ಒಂದು ತೀರ್ಪು ಓದಿದೆ. ಕೇಟ್ ಗುಲಾಮಳು. ಇಕಾರ್ ಎಂಬವನು ಸುವಾರೆಸ್ ಎಂಬವನಿಂದ ಅವಳನ್ನು 500 ಡಾಲರಿಗೆ ಕೊಂಡಿದ್ದ. ಅವಳಿಗೆ ಬುದ್ಧಿಭ್ರಮಣೆ, ವ್ಯಾಪಾರ ರದ್ದು ಮಾಡಿ ಎಂದು ಆಮೇಲೆ ಕೋರ್ಟಿಗೆ ಹೋದ.

ಇದಕ್ಕೆಂದೇ ಅಲ್ಲಿ ಕಾನೂನಿತ್ತು. ಹೆಸರು ರೆಡ್‌ಹಿಬಿಷನ್, ಅಂದರೆ ಕೊಂಡದ್ದರಲ್ಲಿ ಒಳಗಿನ ದೋಷ ಕಂಡರೆ ವ್ಯಾಪಾರ ಮುರಿಯುವ ಹಕ್ಕು. ಮೂಲ ರೋಮನ್ನರದು. ರೋಮಿನ ಸಂತೆಯಲ್ಲಿ ಗುಲಾಮರನ್ನು ಮಾರುವವನು ಅವರ ಕಾಯಿಲೆ ಕಸಾಲೆಗಳನ್ನು ಮೊದಲೇ ಹೇಳಬೇಕಿತ್ತು. ಲೂಸಿಯಾನದ 1825ರ ಸಿವಿಲ್ ಕೋಡ್ ಕುಷ್ಠ, ಹುಚ್ಚು, ಮೂರ್ಛೆರೋಗ, ಈ ಮೂರನ್ನು ಹೆಸರು ಹಿಡಿದು ಬರೆಯಿತು. ಕಳ್ಳತನವೂ ದೋಷ. ಓಡಿಹೋಗುವ ಚಾಳಿಯೂ ದೋಷ. ಕಟ್ಟಿಹಾಕಿದವರಿಂದ ತಪ್ಪಿಸಿಕೊಳ್ಳುವುದು ಮನುಷ್ಯನ ದೋಷವಂತೆ! 1851ರಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ಡಾಕ್ಟರ್ ಅದನ್ನು ರೋಗವೆಂದೇ ಬರೆದು, ಡ್ರಾಪೆಟೊಮೇನಿಯಾ ಅಂತ ಹೆಸರೂ ಇಟ್ಟ.

ಮಾರುವವರ ಮೋಸವೂ ಕಡಿಮೆ ಇರಲಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ತನ್ನ ಕಥೆ ಬರೆದ ವಿಲಿಯಂ ವೆಲ್ಸ್ ಬ್ರೌನ್, ಗುಲಾಮನಾಗಿದ್ದಾಗ ಒಬ್ಬ ವ್ಯಾಪಾರಿಯ ಕೈಕೆಳಗೆ ದುಡಿಯಬೇಕಾಯಿತು. ವಯಸ್ಸಾದವರ ಬಿಳಿಕೂದಲು ಕೀಳುವುದು, ಜಾಸ್ತಿ ಇದ್ದರೆ ಕಪ್ಪು ಬಳಿಯುವುದು ಅವನಿಗೆ ಹಚ್ಚಿದ ಕೆಲಸ. ತನ್ನವರಿಗೇ ತನ್ನ ಕೈಯಿಂದ. ಅದನ್ನು ಓದಿ ಎದ್ದು ಹೋಗಿ ನೀರು ಕುಡಿದು ಬಂದೆ.

ಕೇಟ್‌ಳ ಕೇಸಿನಲ್ಲಿ ಸುವಾರೆಸ್ ಕಡೆಯ ವಾದ ಇದು: ಅವಳು ಹುಚ್ಚಿ ಅಲ್ಲ, ಬರೀ ದಡ್ಡಿ. ದಡ್ಡತನ ಎದುರಿಗೇ ಕಾಣುವಂಥದ್ದು, ಅದಕ್ಕೆ ಗ್ಯಾರಂಟಿ ಕೊಟ್ಟಿಲ್ಲ. ಕೋರ್ಟು ಒಪ್ಪಲಿಲ್ಲ. ಕೊಂಡ ವಸ್ತು ಕೆಲಸಕ್ಕೆ ಬಾರದಿದ್ದರೆ ವ್ಯಾಪಾರ ಮುರಿಯಬಹುದು ಎಂದು ಕೋಡ್ ಹೇಳುತ್ತದೆ, ಇವಳು ಪೂರ್ತಿ ನಿಷ್ಪ್ರಯೋಜಕಳು, ಬಹುಶಃ ಅದಕ್ಕಿಂತಲೂ ಕಡೆ ಎಂದಿತು. ಇಕಾರ್ ಗೆದ್ದ.

ಈ ಮಾತನ್ನು ನಾಲ್ಕು ಸಲ ಓದಿದೆ. ಕಾನೂನಿನ ಲೆಕ್ಕದಲ್ಲಿ ತೀರ್ಪು ಸರಿಯೇ. ಅದೇ ನನ್ನನ್ನು ಹಿಂಡುತ್ತಿರುವುದು. ಗ್ರಾಹಕನಿಗೆ ಅನ್ಯಾಯ ಆಗಬಾರದು ಅಂತ ಎಷ್ಟು ಜತನ! ಯಾವ ದೋಷ ಒಳಗಿನದು, ಯಾವುದು ಕಣ್ಣಿಗೆ ಕಾಣುವುದು ಎಂದು ಎಷ್ಟು ಸೂಕ್ಷ್ಮ! ಅಷ್ಟೊಂದು ಬುದ್ಧಿ ಇದ್ದವರ ಕಣ್ಣಿಗೆ ಕೇಟ್ ಮಾತ್ರ ಬೀಳಲಿಲ್ಲ ಅಲ್ವಾ? ಅವಳ ಮನಸ್ಸು ಯಾಕೆ ಹಾಗಾಯಿತು, ಅವಳನ್ನು ಯಾರಿಂದ ಅಗಲಿಸಿ ತಂದರು, ಇದು ಆ ದಾವೆಯ ವಿಷಯವೇ ಅಲ್ಲ. ಅವಳನ್ನೇ ಕರೆದು ಕೇಳುವ ಹಾಗೂ ಇರಲಿಲ್ಲ. ಗುಲಾಮರು ಬಿಳಿಯರ ದಾವೆಯಲ್ಲಿ ಸಾಕ್ಷಿ ಹೇಳುವಂತಿರಲಿಲ್ಲ.

ವ್ಯಾಪಾರ ಮುರಿಯಿತು ಅಂದರೆ ದುಡ್ಡು ಕೊಂಡವನಿಗೆ ವಾಪಸ್, ಆಳು ಮಾರಿದವನಿಗೆ ವಾಪಸ್. ಅವಳನ್ನು ದಡ್ಡಿ ಅಂದಿದ್ದು ಅವನ ಕಡೆಯವರೇ.